ಮುಖಕ್ಕೆ ಬಾರದ್ದು

ಬೈಂಡಿಂಗ್ ಅಂಗಡಿಯ ಅಕ್ಕ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಹರಿದ ಪುಸ್ತಕಗಳನ್ನು ಹೊಲಿದು, ರಟ್ಟು ಹಾಕಿ ಕೊಡುವುದು ಅವಳ ಕಸುಬು. ಅಪ್ಪ ಬಿಟ್ಟುಹೋದ ಅಂಗಡಿ ಅದು. ಅಪ್ಪ ಬಿಟ್ಟುಹೋದ ಇನ್ನೊಂದು ಹೊಣೆ, ತಮ್ಮ.

ಒಂದು ಕಾಲಕ್ಕೆ ಈ ತಮ್ಮ ಬಾಯಿ ತೆರೆದರೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಹೆಡ್‌ಮಾಸ್ತರರ ಕೆಮ್ಮು, ಪೋಸ್ಟ್‌ಮ್ಯಾನಿನ ನಡಿಗೆ, ಸೋದರತ್ತೆಯ ಗೊರಕೆ, ಎಲ್ಲವನ್ನೂ ಥೇಟ್ ಹಾಗೆಯೇ ಮಾಡಿ ತೋರಿಸುತ್ತಿದ್ದ. ಇಪ್ಪತ್ಮೂರು ತುಂಬುವ ಹೊತ್ತಿಗೆ, ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಎನ್ನತೊಡಗಿದ. ಸ್ಕಿಜೋಫ್ರೇನಿಯಾ ಎಂದರು ಡಾಕ್ಟರು. ಮಾತ್ರೆ ನುಂಗುತ್ತಾ ನುಂಗುತ್ತಾ ಆ ದನಿಗಳೇನೋ ದೂರವಾದವು. ಅದಕ್ಕೂ ಮೊದಲೇ ಆರಿಹೋಗಿದ್ದ ಮುಖದ ಕಳೆ ಮಾತ್ರ ತಿರುಗಿ ಬರಲಿಲ್ಲ. ನಗುವಿಲ್ಲ, ಸಿಟ್ಟಿಲ್ಲ, ಮಾತಿನಲ್ಲಿ ಏರಿಳಿತವೂ ಇಲ್ಲ.

ಅಮ್ಮ ತೀರಿಕೊಂಡ ದಿನ ಒಂದು ಹನಿ ಕಣ್ಣೀರಿಲ್ಲದೆ ಗೋಡೆಗೆ ಒರಗಿ ಕೂತಿದ್ದ.

"ಹೆತ್ತವಳು ಹೋದ್ರೂ ಹೇಗ್ ಕೂತಿದಾನೆ ನೋಡು," ಎಂದಳು ಸೋದರತ್ತೆ, ಎಲ್ಲರಿಗೂ ಕೇಳುವ ಹಾಗೆ.

ಅಕ್ಕ ಅವಳ ಬಾಯಿ ಮುಚ್ಚಿಸಿದಳು. ಆದರೆ ತನ್ನ ಮನಸ್ಸಿಗೂ ಅದೇ ಚುಚ್ಚಿತ್ತು. ರುಚಿಯಾಗಿ ಮಾಡಿ ಬಡಿಸಿದರೂ ಅದೇ ಮುಖ, ಉಪ್ಪು ಮರೆತು ಬಡಿಸಿದರೂ ಅದೇ ಮುಖ. ಕಾಯಿಲೆ ಶುರುವಾದ ಈ ಹನ್ನೆರಡು ವರ್ಷದಲ್ಲಿ ಅವಳು ಹೈರಾಣಾಗಿದ್ದಳು.

ಒಂದು ಮಧ್ಯಾಹ್ನ ಕಾಗದ ಕತ್ತರಿಸುವ ಯಂತ್ರಕ್ಕೆ ಅವಳ ಬೆರಳು ಸಿಕ್ಕಿತು. ಕಿರುಚಿಕೊಂಡಳು. ಪಕ್ಕದಲ್ಲಿ ಪುಸ್ತಕ ಹೊಲಿಯುತ್ತಿದ್ದ ತಮ್ಮ ಎದ್ದ. ಯಂತ್ರದ ಹಿಡಿ ಎತ್ತಿದ. ತನ್ನ ಅಂಗಿ ಬಿಚ್ಚಿ ಅವಳ ಕೈಗೆ ಬಿಗಿಯಾಗಿ ಸುತ್ತಿದ. ಬರೀ ಬನಿಯನ್ನಿನಲ್ಲೇ ಎರಡು ಬೀದಿ ದಾಟಿಸಿ ಆಸ್ಪತ್ರೆಗೆ ನಡೆಸಿಕೊಂಡು ಹೋದ. ಮುಖ ಮಾತ್ರ ಪುಸ್ತಕ ಹೊಲಿಯುವಾಗ ಇದ್ದಂತೆಯೇ ಇತ್ತು. ಗಾಯಕ್ಕೆ ಹೊಲಿಗೆ ಹಾಕಿಸಿಕೊಳ್ಳುವಾಗ ಅದನ್ನು ನೋಡಿ ನೋಡಿ ಅವಳ ತಾಳ್ಮೆ ಕಿತ್ತುಹೋಯಿತು.

"ನಾನು ಸತ್ರೂ ಹೀಗೇ ನಿಂತಿರ್ತೀಯ! ಕಲ್ಲು ಕಣೋ ನೀನು, ಕಲ್ಲು!"

ಹೊಲಿಗೆ ಹಾಕಿ ಮುಗಿಸಿದ ನರ್ಸ್, ಬಾಗಿಲ ಬಳಿ ಬೆವೆತು ನಿಂತಿದ್ದವನನ್ನು ಕೂರಿಸಿ ನಾಡಿ ಹಿಡಿದು ನೋಡಿದಳು.

"ಅಮ್ಮಾ, ಇವರ ಎದೆ ಹೇಗ್ ಹೊಡ್ಕೊತಿದೆ ಗೊತ್ತಾ? ನೂರ ಮೂವತ್ತು! ನಿಮಗಿಂತ ಇವರೇ ಜಾಸ್ತಿ ಹೆದರಿದಾರೆ."

ಅಕ್ಕ ತಮ್ಮನ ಮುಖ ನೋಡಿದಳು. ಅಲ್ಲಿ ಏನೂ ಇರಲಿಲ್ಲ.

ಮುಂದಿನ ವಾರ ಮಾತ್ರೆಗೆಂದು ಹೋದಾಗ, ಎದೆ ಹಾಗೆ ಹೊಡೆದುಕೊಂಡರೂ ಮುಖದಲ್ಲೇಕೆ ಕಾಣುವುದಿಲ್ಲ ಎಂದು ಅವನ ಡಾಕ್ಟರನ್ನು ಕೇಳಿಯೇಬಿಟ್ಟಳು.

"ಮನಸ್ಸಿಗೆ ಅನ್ನಿಸೋದು ಬೇರೆ, ಅದು ಮುಖದಲ್ಲಿ ಕಾಣೋದು ಬೇರೆ," ಎಂದರು ಡಾಕ್ಟರು. "ಎರಡಕ್ಕೂ ಮಿದುಳೇ ಕೆಲಸ ಮಾಡಬೇಕು. ಈ ಕಾಯಿಲೆಯಲ್ಲಿ ಅವೆರಡರ ನಡುವಿನ ಹೊಂದಿಕೆ ತಪ್ಪುತ್ತೆ. ಯಾಕೆ ಅಂತ ಪೂರ್ತಿ ನಮಗೂ ಗೊತ್ತಾಗಿಲ್ಲ. ನೀವು ಮುಖ ನೋಡಬೇಡಿ, ಬಾಯಿಬಿಟ್ಟು ಕೇಳಿ."

"ಕೇಳಿದ್ರೆ ಹೇಳ್ತಾನಾ?"

"ಹೇಳಬಹುದು. ಸ್ವಲ್ಪ ಕಾಯಬೇಕು."

ಅಂದು ಸಂಜೆ ಅಂಗಡಿಯಲ್ಲಿ ಅವಳು ಕೇಳಿದಳು. "ಅಮ್ಮ ಹೋದಾಗ ನಿನಗೇನೂ ಅನ್ನಿಸ್ಲಿಲ್ವೇನೋ?"

ಅವನು ಸೂಜಿಗೆ ದಾರ ಪೋಣಿಸಿದ. ನಾಲ್ಕು ಹಾಳೆ ಹೊಲಿದ. ಇನ್ನು ಹೇಳುವುದಿಲ್ಲ ಎಂದು ಅವಳು ಏಳುವಷ್ಟರಲ್ಲಿ ಬಾಯಿ ತೆರೆದ.

"ಅನ್ನಿಸ್ತು. ಎದೆ ಮೇಲೆ ಯಾರೋ ಹತ್ತಿ ಕೂತ ಹಾಗಿತ್ತು. ಅಳೋಣ ಅಂತ ನೋಡಿದೆ. ಬರ್ಲಿಲ್ಲ ಅಕ್ಕ."

ರಟ್ಟು ಮುಗಿದಿದೆ ಎಂದು ಹೇಳುವ ದನಿಯಲ್ಲೇ ಹೇಳಿದ. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಇಬ್ಬರ ಪಾಲಿನದನ್ನೂ ತಾನೇ ಅತ್ತಳು.

ಆಮೇಲೆ ದಿನಾ ಕೇಳುವುದು ರೂಢಿಯಾಯಿತು. ಸಾರು ಹಿಡಿಸ್ತಾ? ಹಿಡಿಸ್ತು. ಬೇಜಾರಾಗಿದ್ಯಾ? ಸ್ವಲ್ಪ. ಉತ್ತರ ಸಿಗುತ್ತಿತ್ತು, ನಿಜ. ಆದರೆ ಪ್ರತಿಯೊಂದನ್ನೂ ಬಾವಿಯಿಂದ ಸೇದಿ ತೆಗೆಯಬೇಕು. ದುಡಿದು ಬಂದ ಮೈಗೆ ಅದೂ ಒಂದು ದುಡಿಮೆಯೇ. ಒಂದು ಸಂಜೆ ಅಂಗಡಿಯಲ್ಲಿ ಅವಳು ಏನೂ ಕೇಳದೆ ಸುಮ್ಮನೆ ಕೂತಳು.

"ಇವತ್ತು ನೀನೇನೂ ಕೇಳ್ಲಿಲ್ಲ," ಎಂದ ತಮ್ಮ.

"ಸುಸ್ತಾಗಿದೆ ಕಣೋ."

"ಹ್ಞೂಂ," ಎಂದು ಅವನು ಅವಳ ಮುಂದಿದ್ದ ಹಾಳೆಗಳ ಕಟ್ಟನ್ನೂ ತನ್ನತ್ತ ಎಳೆದುಕೊಂಡು ಹೊಲಿಯತೊಡಗಿದ.