ನೀರಿನ ನೆಪದ ನಡಿಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ದಿನ ಕೊಳಾಯಿಯ ಹತ್ತಿರ ಕೋತಿಯಾಟ ಆಡಿದವನು ನಾನೇ. ಇವತ್ತು ಬೆಳಿಗ್ಗೆ ಅಮ್ಮ ಹುಣಸೆಹಣ್ಣು ಹಾಕಿ ಹಿತ್ತಾಳೆ ಬಿಂದಿಗೆ ತಿಕ್ಕುತ್ತಿದ್ದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಆರು ವರ್ಷದ ಹಿಂದಿನ ಹೆದರಿಕೆ ಮತ್ತೆ ಎದ್ದು ಕೂತಿತು...

ಆಗ ರಾಜಾಜಿನಗರದ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಕೊಳಾಯಿ ಬಂದು ವರ್ಷವಾಗಿತ್ತು. ಆದರೂ ಎದುರುಮನೆಯ ಅತ್ತೆ ದಿನಾ ಸಂಜೆ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಮಾಗಡಿ ರಸ್ತೆ ಕಡೆಯ ತೋಟದ ಬಾವಿಗೆ ಹೋಗುತ್ತಿದ್ದರು. ನಂಟರೇನಲ್ಲ, ಬಾಯಿತುಂಬ ಅತ್ತೆ ಎನ್ನುತ್ತಿದ್ದೆ ಅಷ್ಟೆ. ಹೋಗಿ ಬರಲು ಒಂದು ಮೈಲಿಗೆ ಕಮ್ಮಿಯಿಲ್ಲ. ದಪ್ಪ ಮೈ, ಎಡಗಾಲನ್ನು ಎತ್ತಿ ಎತ್ತಿ ಇಡುವ ನಡಿಗೆ. ಕೆಳಗೆ ನೆಲ ಇದೆಯೋ ಇಲ್ಲವೋ ಎಂದು ಕಾಲಿಗೇ ಅನುಮಾನವಿದ್ದ ಹಾಗೆ.

ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಕೂತಿದ್ದ ನಾನು ಅದನ್ನು ಬಿಡುತ್ತೇನೆಯೇ? ಕೊಳಾಯಿಯ ಮುಂದೆ ಯಾರದೋ ಬಿಂದಿಗೆ ಸೊಂಟಕ್ಕೇರಿಸಿ, ಹಾಗೇ ಕಾಲು ಎತ್ತಿಟ್ಟು, "ಕೊಳಾಯಿ ನೀರು ಸಪ್ಪೆ ಕಣ್ರೇ, ನಂಗೆ ಆಗಿಬರಲ್ಲ" ಎಂದೆ. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

"ಹೌದಲ್ಲ, ಮನೆ ಮುಂದೆ ನೀರಿದ್ರೂ ಆಯಮ್ಮ ದಿನಾ ತೋಟಕ್ಕೆ ಯಾಕೆ ಹೋಗ್ತಾರೆ?" ಎಂದು ಮೂಲೆಮನೆಯಾಕೆ ಹುಬ್ಬು ಹಾರಿಸಿದರು.

ನಗು ಆಗ ಬೇರೆ ಥರ ಆಯಿತು. ತಿರುಗಿ ನೋಡಿದರೆ ಅತ್ತೆ ತಮ್ಮ ಬಾಗಿಲಲ್ಲೇ ನಿಂತಿದ್ದರು.

ಮಾರನೆಯ ಸಂಜೆ ಅವರು ಹೊರಗೆ ಬರಲಿಲ್ಲ. ಅದರ ಮಾರನೆಯ ದಿನವೂ... ಒಂಬತ್ತನೆಯ ದಿನ ಅಮ್ಮ ಕೊಟ್ಟ ನುಗ್ಗೆಕಾಯಿ ಹಿಡಿದು ಹೋದೆ. ಒಳಗೆ ಅತ್ತೆ ಗೋಡೆ ಹಿಡಿದು ನಡೆಯುತ್ತಿದ್ದರು. ಆರು ಹೆಜ್ಜೆಗೆ ಕೋಣೆ ಮುಗಿಯುತ್ತಿತ್ತು. ತಿರುಗುತ್ತಿದ್ದರು, ಮತ್ತೆ ಆರು. ಎಡಗಾಲಿನ ಹೆಬ್ಬೆರಳಿಗೆ ಒಂದು ಕಟ್ಟಿರುವೆ ಕಚ್ಚಿಕೊಂಡು ನೇತಾಡುತ್ತಿತ್ತು.

"ಅತ್ತೆ... ಕಾಲಲ್ಲಿ ಇರುವೆ."

ಅವರು ಬಗ್ಗಿ ನೋಡಿದ ಮೇಲೇ ಕಿತ್ತೆಸೆದದ್ದು. "ಗೊತ್ತಾಗಲ್ಲ ಕಣೋ. ಸಕ್ಕರೆ ಕಾಯಿಲೆ. ನಮ್ಮಕ್ಕಂಗೂ ಹಿಂಗೇ ಶುರುವಾಗಿದ್ದು, ಆಮೇಲೆ ಕಾಲು ಮಂಡಿ ತನಕ ತೆಗೆದ್ರು. ದಿನಾ ನಡೀಲೇಬೇಕು ಅಂದಿದಾರೆ ಡಾಕ್ಟ್ರು. ಹೆಂಗಸು ಸುಮ್ಸುಮ್ನೆ ಬೀದೀಲಿ ನಡೆದ್ರೆ ಜನ ಬಿಡ್ತಾರಾ? ಅದಕ್ಕೇ ಬಿಂದಿಗೆ."

ನುಗ್ಗೆಕಾಯಿ ಕೆಳಗಿಟ್ಟೆ. "ಆ ಬಾವಿ ನೀರಲ್ಲಿ ಬೇಳೆ ಬೇಗ ಬೇಯುತ್ತೆ ಅಂತ ಕೊಳಾಯಿ ಹತ್ರ ಹೇಳ್ಬಿಡ್ತೀನಿ ಅತ್ತೆ. ಎಲ್ಲಾರೂ ನಂಬ್ತಾರೆ."

"ನೀನು ಹೇಳಿರೋದೇ ಸಾಕು. ಬಾಯಿ ಮುಚ್ಕೊಂಡಿರು, ಮುಂಡೇದೇ."

ಮನೆಗೆ ಬಂದು ನನ್ನ ಹೆಬ್ಬೆರಳನ್ನೇ ಚಿವುಟಿ ಚಿವುಟಿ ನೋಡಿಕೊಂಡೆ. ನೋವಾಯಿತೆಂದು ಸಮಾಧಾನ, ಅತ್ತೆಗೆ ಈ ನೋವೂ ಇಲ್ಲವಲ್ಲ ಎಂದು ಮರುಗಳಿಗೆ ಹೆದರಿಕೆ. ಬೀದಿಯಲ್ಲಿ ಯಾರದೋ ಊರುಗೋಲು ಟಕ್ ಟಕ್ ಎಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ಎರಡು ದಿನದ ಮೇಲೆ ಅತ್ತೆ ಬೀದಿಗಿಳಿದರು. ಬಿಂದಿಗೆಯಿಲ್ಲ, ಚೀಲವಿಲ್ಲ. ಕೊಳಾಯಿಯ ಸುತ್ತ ಎಲ್ಲರೂ ಇದ್ದರು. ಈಗ ಒಬ್ಬರು ನಕ್ಕರೂ ಈಕೆ ಒಳಗೆ ಹೋಗಿಬಿಡುತ್ತಾರೆ, ಮತ್ತೆ ಬರುವುದಿಲ್ಲ, ಕಾಲು ಹೋದಂತೆಯೇ...

"ಎಲ್ಲಿಗ್ರೀ, ಬರೀಗೈಲಿ?" ಎಂದರು ಮೂಲೆಮನೆಯಾಕೆ.

ಹೋದ ವರ್ಷ ವಿಷಮಜ್ವರ ಬಂದು ಅತ್ತೆ ತೀರಿಕೊಂಡರು. ಕೊನೆಯವರೆಗೂ ಎರಡು ಕಾಲೂ ಇದ್ದವು. ಎದುರುಮನೆಗೆ ಬೇರೆಯವರು ಬಂದಿದ್ದಾರೆ. ಸಂಜೆ ಆ ಬಾಗಿಲು ತೆರೆದರೆ ಈಗಲೂ ಕತ್ತೆತ್ತುತ್ತೇನೆ, ಸುಮ್ಮನಾಗುತ್ತೇನೆ. ಅಪ್ಪನಿಂದ ಹಿಡಿದು ಅಂಚೆಯವನವರೆಗೆ ಯಾರನ್ನೂ ಅಣಕಿಸದೆ ಬಿಟ್ಟಿಲ್ಲ, ಆ ನಡಿಗೆಯನ್ನು ಮಾತ್ರ ಮತ್ತೆ ಮುಟ್ಟಿಲ್ಲ. ನನ್ನ ಕಾಲೂ ಮರಗಟ್ಟೀತೆಂಬ ಭಯ.

ಮೂಲೆಮನೆಯಾಕೆ ಹಾಗೆ ಕೇಳಿದ ಆ ಸಂಜೆ ಅತ್ತೆ ನಿಲ್ಲಲಿಲ್ಲ. ಎಡಗಾಲು ಎತ್ತಿಡುತ್ತಲೇ, ತಿರುಗಿಯೂ ನೋಡದೆ ಅಂದರು:

"ಕಾಲು ಉಳಿಸ್ಕೊಳ್ಳಕ್ಕೆ ಹೋಗ್ತಾ ಇದೀನಿ ಕಣ್ರೀ. ನಗಬೇಕು ಅನ್ಸಿದ್ರೆ ಆ ಹುಡುಗ ಅಲ್ಲೇ ನಿಂತಿದಾನೆ, ಅವನ ಮುಖ ನೋಡ್ಕೊಂಡು ನಗ್ರಿ."