ಕೆಂಪು ಬಕೆಟ್, ನೀಲಿ ಬಕೆಟ್

ಎರಡು ಬಕೆಟಿನ ಮೀನು ಬೆರೆಸಿದ್ದು ನಾನೇ. ಬೆಕ್ಕೂ ಅಲ್ಲ, ಸೊಸೆಯೂ ಅಲ್ಲ.

ಮೊಮ್ಮಗಳು ಕಾಲೇಜಿನಲ್ಲಿ ಮೀನಿನ ಮೇಲೆ ಸಂಶೋಧನೆ ಮಾಡುವವಳು. ಶೃಂಗೇರಿ ಕಡೆಯ ಹಳ್ಳದಿಂದ ಹನ್ನೆರಡು, ನರಸಿಂಹರಾಜಪುರ ಕಡೆಯ ಹಳ್ಳದಿಂದ ಹನ್ನೆರಡು ಜೀವಂತ ಮೀನು ತಂದಿದ್ದಳು. ಕೊಪ್ಪದ ನಮ್ಮ ಮನೆಯ ಬಚ್ಚಲ ಪಕ್ಕ ಶೃಂಗೇರಿಯವನ್ನು ನೀಲಿ ಬಕೆಟಿನಲ್ಲಿ, ನರಸಿಂಹರಾಜಪುರದವನ್ನು ಕೆಂಪು ಬಕೆಟಿನಲ್ಲಿ ಇಟ್ಟು ಪೇಟೆಗೆ ಹೋದಳು. ಮಾರನೇ ದಿನ ಸಂಜೆ ಅವಳ ಮೇಷ್ಟ್ರು ಬಂದು ಒಯ್ಯುವವರಿದ್ದರು.

ನಾನು ಬಗ್ಗಿ ನೋಡಿದೆ. ಎರಡರಲ್ಲೂ ದೊಡ್ಡ ಮೀನುಗಳು ಸಣ್ಣವುಗಳ ಬಾಲ ಕಚ್ಚುತ್ತಿದ್ದವು. ಹಿಡಿದ ಮೀನನ್ನು ದೊಡ್ಡದು, ಸಣ್ಣದು ಎಂದು ಆರಿಸಿಡುವುದು ಚಿಕ್ಕಂದಿನಿಂದ ನನ್ನ ಕೈಗೆ ಬಂದ ಕೆಲಸ. ಆರಿಸಿದೆ. ದೊಡ್ಡವು ಕೆಂಪಿಗೆ, ಸಣ್ಣವು ನೀಲಿಗೆ. ಅಡಿಗೆಮನೆ ಬಾಗಿಲಲ್ಲಿ ನಿಂತು ಸೊಸೆ ನೋಡಿದಳು.

ಮೊಮ್ಮಗಳು ಬಂದ ಮೇಲೆ ಕೇಳಿದೆ, "ಎರಡೂ ಒಂದೇ ಥರ ಇವೆ. ಎರಡು ಬಕೆಟ್ ಎಂತಕ್ಕೆ?"

"ಹೊರಗೆ ಒಂದೇ ಥರ ಅಜ್ಜಿ. ಒಳಗೆ ಸಣ್ಣ ಸಣ್ಣ ದಾರ ಇರ್ತಾವೆ, ಅದರ ಮೇಲೆ ಬರಹ ಇದ್ದ ಹಾಗೆ. ಕೆಲವು ಕಡೆ ಅದೇ ಅಕ್ಷರ ಮತ್ತೆ ಮತ್ತೆ ಬರುತ್ತೆ. ನೀನು ನಿನ್ನ ಮದುವೆ ಕಥೆ ಹೇಳ್ತೀಯಲ್ಲ, ಹಾಗೆ. ಒಂದು ಹಳ್ಳದ ಮೀನಲ್ಲಿ ಅದು ದಾರದ ತುದೀಲಿ ಗುಡ್ಡೆ ಬಿದ್ದಿರಬಹುದು, ಇನ್ನೊಂದರಲ್ಲಿ ನಡುವೆ. ಹಾಗೇ ದಾರ ತುಂಡಾಗಿ, ಕೂಡಿ, ಒಂದು ಜಾತಿ ಎರಡಾಗಿರಬಹುದು."

"ಯಾವ ಹಳ್ಳದ್ದು ಅಂತ ದಾರ ನೋಡಿದ್ರೆ ಗೊತ್ತಾಗಲ್ವಾ?"

"ಅದನ್ನೇ ಕಂಡುಹಿಡೀಬೇಕಿರೋದು. ಅದಕ್ಕೆ ಯಾವ ಮೀನು ಯಾವ ಹಳ್ಳದ್ದು ಅಂತ ಮೊದಲೇ ಗೊತ್ತಿರ್ಬೇಕು. ಅದು ತಪ್ಪಿದ್ರೆ ನನ್ನ ಒಂದು ವರ್ಷದ ಕೆಲಸ ಹೊಳೆಗೆ."

ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದೆ. ಸೊಸೆ ಪಿಸುಗುಟ್ಟಿದಳು, "ಸುಮ್ನಿರಿ ಅತ್ತೆ. ಅದರಲ್ಲಿ ಹನ್ನೆರಡು, ಇದರಲ್ಲಿ ಹನ್ನೆರಡು ಮಾಡಿಡಿ. ಮೀನೇನು ಬಾಯಿ ಬಿಟ್ಟು ಹೇಳುತ್ತಾ?"

ಬಚ್ಚಲ ಪಕ್ಕ ಹೋಗಿ ಎಣಿಸಿದೆ. ಕೆಂಪಿನಲ್ಲಿ ಹದಿನಾಲ್ಕು ಇದ್ದವು. ಎರಡನ್ನು ಹಿಡಿದು ನೀಲಿಗೆ ಹಾಕಿದರೆ ಮುಗಿಯಿತು. ಒಂದನ್ನು ಹಿಡಿದೆ ಕೂಡ. ಅದು ಅಂಗೈಯಲ್ಲಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಯಾವ ಹಳ್ಳದ್ದೋ ನನಗೂ ಗೊತ್ತಿರಲಿಲ್ಲ. ಅದನ್ನು ಕೆಂಪು ಬಕೆಟಿಗೇ ವಾಪಸು ಹಾಕಿದೆ.

"ಬಾ ಇಲ್ಲಿ," ಎಂದು ಮೊಮ್ಮಗಳನ್ನು ಕರೆದೆ. "ಇವನ್ನ ಬೆರೆಸಿದ್ದು ನಾನು. ಇವು ನಿನ್ನ ಕೆಲಸಕ್ಕೆ ಬರಲ್ಲ."

ಅವಳು ಬಕೆಟ್ ನೋಡಿದಳು, ನನ್ನನ್ನು ನೋಡಲಿಲ್ಲ. "ಹೇಳದೇ ಇದ್ದಿದ್ರೆ ತಪ್ಪನ್ನೇ ಬರೀತಿದ್ದೆ ಅಜ್ಜಿ," ಎಂದಳು. ಊಟ ಮಾಡದೆ ಮಲಗಿದಳು. ನಾನು ಸಮಾಧಾನ ಹೇಳಲು ಹೋಗಲಿಲ್ಲ. ಮಾತಿನಿಂದ ಮೀನು ಬೇರೆಯಾಗುವುದಿಲ್ಲ.

ಬೆಳಗ್ಗೆ ಅವಳು ಖಾಲಿ ನೀಲಿ ಬಕೆಟ್ ಹಿಡಿದು ಶೃಂಗೇರಿ ಬಸ್ಸು ಹತ್ತಿದಳು. ನಾನು ಅಟ್ಟದಿಂದ ಮೀನು ಹಿಡಿಯುವ ಬಿದಿರು ಬುಟ್ಟಿ ಇಳಿಸಿ, ಕೆಂಪು ಬಕೆಟ್ ಖಾಲಿ ಮಾಡಿ ತೊಳೆದು, ನರಸಿಂಹರಾಜಪುರದ ಬಸ್ಸು ಹತ್ತಿದೆ.