ಗೋಣಿಮಾವನ ಬಾಣಂತನ
ಆ ಮೇಸ್ತ್ರಿಗೆ ಗೋಣಿಮಾವ ಎಂಬ ಹೆಸರು ಬಿದ್ದದ್ದೇ, ಹಾಸಿದ ಕಾಂಕ್ರೀಟ್ ನೆಲಕ್ಕೆಲ್ಲ ಒದ್ದೆ ಗೋಣಿ ಹೊದಿಸಿ ಬಾಣಂತನ ಮಾಡುತ್ತಾನೆಂದು. ಬಿಸಿಲೇರಿದರೆ ಕೊಡೆಯನ್ನು ತನ್ನ ಬೋಳುತಲೆಗೆ ಹಿಡಿಯದೆ ನೆಲಕ್ಕೆ ಹಿಡಿಯುತ್ತಾನೆ. ಗಾಳಿ ಬೀಸಿದರೆ, ತನ್ನ ಮೈಯಗಲದಷ್ಟಾದರೂ ತಪ್ಪಲಿ ಎಂದು ಅಡ್ಡ ನಿಲ್ಲುತ್ತಾನೆ. "ಬಿಸಿಲಿಗೆ ಹೊಟ್ಟೆ ಉಬ್ಬಿಸ್ಕೊಳ್ಳುತ್ತೆ, ಚಳಿಗೆ ಅಂಚು ಎತ್ತುತ್ತೆ. ಮೇಲೆ ಒಣಗಿ ಒಳಗೆ ಹಸಿ ಉಳೀತೋ, ತರಗೆಲೆ ಹಾಗೆ ಅಂಚು ಎದ್ದು ಮುದುಡಿ ಬಿರುಕು ಬಿಡುತ್ತೆ" ಎಂಬುದು ಅವನ ಜಪ. ಸುರಿಯುವ ಮಳೆಯಲ್ಲೂ ಪೈಪು ಹಿಡಿದು ನೀರು ಬಿಡುತ್ತಿದ್ದವನನ್ನು ಮನೆ ಮಾಲೀಕರು ಏನಯ್ಯಾ ಇದು ಎಂದು ಕೇಳಿದರೆ, "ಮಳೆ ನಂಬ್ಕೊಂಡು ಮಗು ಸಾಕೋಕಾಗುತ್ತಾ ಸ್ವಾಮಿ?" ಎಂದು ಅವರನ್ನೇ ಗದರಿದ. ಅಂಥವನು, ಹೆಂಡತಿ ತೀರಿಕೊಂಡಾಗ ಒಂದು ಹನಿ ಕಣ್ಣೀರೂ ಹಾಕಲಿಲ್ಲ. ಮಾರನೆಯ ದಿನವೇ ಕೆಲಸಕ್ಕೆ ಬಂದು, ಪೈಪು ಹಿಡಿದು, ಎಲ್ಲರೊಡನೆ ಎಂದಿಗಿಂತ ಜೋರಾಗಿ ಹರಟಿದ. ಹಿಂದೆಯೇ ಬಂದ ಮಗಳು, ಒಂದು ಒದ್ದೆ ಗೋಣಿ ಎತ್ತಿ ಅವನ ಹೆಗಲ ಮೇಲೆ ಹೊದಿಸಿ, "ಅಪ್ಪಾ, ನಿನಗೂ ಅಂಚು ಏಳ್ತಿದೆ" ಎಂದಳು. ಅವನ ಕಣ್ಣು ತುಂಬಿತು. ಆದರೂ "ತಡಿ ಮಗಳೇ, ಆ ಮೂಲೆ ಒಣಗಿದೆ" ಎಂದು ಅಲ್ಲಿಗೆ ಹೋಗಿ ಕೂತು ಅತ್ತ.